ರಿಫ್ಲಕ್ಸ್ ಎಂದರೆ ಆಸಿಡಿಟಿಯೇ?

ಪ್ರಶ್ನೆ: ಎದೆಯುರಿಗೆಂದು ತಪಾಸಣೆ ಮಾಡಿಸಿದಾಗ ನನ್ನ ವರದಿಯಲ್ಲಿ ‘ರಿಫ್ಲಕ್ಸ್’ ಎಂದಿತ್ತು; ಆಸಿಡಿಟಿಗೆ ಅದು ಇನ್ನೊಂದು ಹೆಸರೆಂದು ತಿಳಿದಿದ್ದೆ. ಈಗ ಎರಡು ವರ್ಷದ ಮೊಮ್ಮಗನಿಗೆ ಮೂತ್ರದ ಸೋಂಕಾಗಿದ್ದು, ಅವನ ವರದಿಯಲ್ಲೂ ಅದೇ ಪದವಿದೆ. ಎಂ.ಎಸ್ಸಿ. ಓದುವ ಮಗಳು, ತಾವು ಪ್ರಯೋಗಾಲಯದಲ್ಲಿ ರಿಫ್ಲಕ್ಸ್ ಮಾಡುತ್ತೇವೆ ಎನ್ನುತ್ತಾಳೆ. ಈ ಪದದ ಅರ್ಥವೇನು? ಕನ್ನಡದಲ್ಲಿ ಏನೆನ್ನಬೇಕು?

ಉತ್ತರ: ಲ್ಯಾಟಿನ್ ಭಾಷೆಯಲ್ಲಿ ‘ರೆ’ ಎಂದರೆ ಹಿಂದಕ್ಕೆ, ‘ಫ್ಲಕ್ಸುಸ್’ ಎಂದರೆ ಹರಿವು. ಪದದೊಳಗೆ ಹುಳಿಯೂ ಇಲ್ಲ, ಉರಿಯೂ ಇಲ್ಲ; ಇರುವುದು ದಿಕ್ಕು. ಯಾವ ದ್ರವ ಎಲ್ಲಿಂದ ಎಲ್ಲಿಗೆ ಮರಳಿತು ಎಂಬುದನ್ನು ಸೇರಿಸಿ ಹೇಳಿದಾಗಲೇ ಅದಕ್ಕೆ ಪೂರ್ಣಾರ್ಥ ಬರುತ್ತದೆ.

ನಿಮ್ಮ ವಿಷಯದಲ್ಲಿ, ಅನ್ನನಾಳವು ಜಠರವನ್ನು ಸೇರುವಲ್ಲಿ ಇರುವ ಬಿಗಿಸ್ನಾಯು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಗೊಂಡು, ಜಠರದ ಆಮ್ಲ ಮೇಲಕ್ಕೆ ನುಗ್ಗಿದೆ. ಜಠರದ ಒಳಪದರಕ್ಕೆ ಆಮ್ಲದಿಂದ ಕಾಪಾಡುವ ದಟ್ಟವಾದ ಲೋಳೆಯ ಹೊದಿಕೆಯುಂಟು, ಅನ್ನನಾಳಕ್ಕೆ ಅಂಥ ರಕ್ಷಣೆಯಿಲ್ಲವಾದ್ದರಿಂದ ಉರಿಯುತ್ತದೆ. ಎದೆಯುರಿ, ಹುಳಿತೇಗು ಇವು ಲಕ್ಷಣಗಳು. ರಿಫ್ಲಕ್ಸ್ ಅವುಗಳ ಹಿಂದಿನ ಕ್ರಿಯೆ. ವಾಂತಿಯೂ ಇದಲ್ಲ, ಏಕೆಂದರೆ ವಾಂತಿಯಲ್ಲಿ ಹೊಟ್ಟೆಯ ಸ್ನಾಯುಗಳು ಬಲವಾಗಿ ಒತ್ತುತ್ತವೆ. ಎಳೆಗೂಸು ಹಾಲು ಕುಡಿದು ಸುಮ್ಮನೆ ಕಕ್ಕುವುದು ಮಾತ್ರ ರಿಫ್ಲಕ್ಸೇ. ಕಾಲಿನ ಸಿರೆಗಳಲ್ಲಿ ಕವಾಟಗಳು ಸರಿಯಾಗಿ ಮುಚ್ಚದೆ ರಕ್ತ ಕೆಳಗಿಳಿಯುವುದನ್ನೂ ವೈದ್ಯರು ಹೀಗೆಯೇ ಕರೆಯುತ್ತಾರೆ.

ರಸಾಯನಶಾಸ್ತ್ರದಲ್ಲಿ ಅರ್ಥ ತುಸು ಹೊರಳುತ್ತದೆ. ಅಲ್ಲಿ ದ್ರವವನ್ನು ಕುದಿಸಿ, ಮೇಲೇರಿದ ಆವಿಯನ್ನು ತಣ್ಣೀರು ಹರಿಯುವ ಕಂಡೆನ್ಸರ್‌ನಲ್ಲಿ ತಣಿಸಿ, ಹನಿಗಳನ್ನು ಅದೇ ಫ್ಲಾಸ್ಕಿಗೆ ಮರಳಿಸುತ್ತಾರೆ. ಹೀಗಾಗಿ ಗಂಟೆಗಟ್ಟಲೆ ಕುದಿದರೂ ದ್ರವ ಬತ್ತುವುದಿಲ್ಲ. ದೇಹದಲ್ಲಿ ತಪ್ಪಿದ ಹಾದಿಯಾದದ್ದು ಇಲ್ಲಿ ಬೇಕೆಂದೇ ಮಾಡಿದ ಏರ್ಪಾಡು. ಈ ಕಾರಣಕ್ಕೆ ಎರಡಕ್ಕೂ ಒಂದೇ ಕನ್ನಡ ಪದ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ: ವೈದ್ಯಕೀಯಕ್ಕೆ ‘ಹಿಮ್ಮುಖ ಹರಿವು’, ರಸಾಯನಶಾಸ್ತ್ರಕ್ಕೆ ‘ಮರುಹರಿವು’ ಒಪ್ಪುತ್ತವೆ. ‘ಆಮ್ಲೀಯತೆ’ ಎಂದು ಅನುವಾದಿಸುವುದಂತೂ ಸಲ್ಲದು. ಆ ತಪ್ಪಿನಿಂದಲೇ ನಿಮಗೂ ಗೊಂದಲವಾಗಿದೆ.

ಮೊಮ್ಮಗನ ವರದಿ ಹೇಳುವುದು ಮೂತ್ರಕೋಶದಿಂದ ಮೂತ್ರನಾಳದ ಮೂಲಕ ಮೂತ್ರ ಮೇಲಕ್ಕೆ, ಕೆಲವೊಮ್ಮೆ ಮೂತ್ರಪಿಂಡದವರೆಗೆ, ಮರಳುವುದನ್ನು. ಇದನ್ನು 1ರಿಂದ 5ರವರೆಗಿನ ದರ್ಜೆಗಳಲ್ಲಿ ಗುರುತಿಸುತ್ತಾರೆ. ಕಡಿಮೆ ದರ್ಜೆಯದು ಮಗು ಬೆಳೆದಂತೆ ಬಹುಪಾಲು ತಾನಾಗಿ ಸರಿಹೋಗುತ್ತದೆ. ಹೆಚ್ಚಿನ ದರ್ಜೆಯಲ್ಲಿ ಸೋಂಕು ಮರುಕಳಿಸಿ ಮೂತ್ರಪಿಂಡಕ್ಕೆ ಕಲೆ ಬೀಳುವ ಅಪಾಯವಿದೆ. ನಿಮ್ಮ ಎದೆಯುರಿಯ ಮಾತ್ರೆಗೂ ಇದಕ್ಕೂ ಸಂಬಂಧವಿಲ್ಲ. ವರದಿಯಲ್ಲಿ ದರ್ಜೆ ಎಷ್ಟಿದೆ ಎಂದು ಮಕ್ಕಳ ವೈದ್ಯರನ್ನು ಕೇಳಿ, ಮುಂದೆ ಕಾರಣ ತಿಳಿಯದ ಜ್ವರ ಬಂದಾಗಲೆಲ್ಲ ತಡಮಾಡದೆ ಮೂತ್ರಪರೀಕ್ಷೆ ಮಾಡಿಸಿರಿ.