ನೀವು ಕೇಳಿದ್ರಿ: ಉಗಿಬಂಡಿಗೆ ನೀರು ಕೊಟ್ಟ ಕೆರೆ

ಪ್ರಶ್ನೆ: ಮಗಳ ಮನೆಗೆ ಅಂತ ಸಿಡ್ನಿಗೆ ಬಂದು ಮೂರು ತಿಂಗಳಾಯ್ತು. ಹೋದ ವಾರ ಥರ್ಲ್‌ಮಿಯರ್ ಅನ್ನೋ ಊರಲ್ಲಿ ರೈಲ್ವೇ ಮ್ಯೂಸಿಯಂ ನೋಡ್ಕೊಂಡು ಪಕ್ಕದ ಕೆರೆಗಳ ಹತ್ರ ಬುತ್ತಿ ಬಿಚ್ಚಿದ್ವಿ. ಅಲ್ಲಿ ರೈಲಿಗೆ ನೀರು ಕೊಡೋಕೆ ಕಟ್ಟಿದ್ದು ಅಂತ ಹಳೇ ಪಂಪ್‌ಹೌಸ್ ಒಂದಿದೆ. ಸುತ್ತ ಕುರುಚಲು ಕಾಡು, ಒಣಗಿ ನಿಂತ ಮರಗಳು. ಎಲ್ಲಾ ಕ್ಲೀನ್ ಮಾಡಿ ಚೆಂದದ ಪಾರ್ಕ್ ಮಾಡಬಾರ್ದಾ? ಅಷ್ಟಕ್ಕೂ ರೈಲಿಗೆ ಅಷ್ಟೊಂದು ನೀರು ಯಾಕೆ ಬೇಕಿತ್ತು?

ಉತ್ತರ: ಅಮ್ಮ, ನಿಮ್ಮ ಕೊನೇ ಪ್ರಶ್ನೆಯಿಂದಾನೇ ಶುರು ಮಾಡ್ತೀನಿ. ಉಗಿಬಂಡಿ ಅಂದ್ರೆ ನಮ್ಗೆ ಕಲ್ಲಿದ್ದಲು, ಹೊಗೆ ನೆನಪಾಗುತ್ತೆ. ಆದ್ರೆ ಅದು ಸುಡೋ ಕಲ್ಲಿದ್ದಲಿನ ತೂಕಕ್ಕಿಂತ ಕುಡಿಯೋ ನೀರಿನ ತೂಕ ಎಷ್ಟೋ ಪಟ್ಟು ಜಾಸ್ತಿ. ಬಾಯ್ಲರ್‌ನಲ್ಲಿ ಕಾದ ನೀರು ಆವಿಯಾಗಿ ಪಿಸ್ಟನ್ ತಳ್ಳಿ ಆಮೇಲೆ ಚಿಮಣಿಯಿಂದ ಹೊರಗೆ ಹೋಗ್ಬಿಡುತ್ತೆ, ಹೋದ ನೀರು ವಾಪಸ್ ಬರಲ್ಲ, ಹಾಗಾಗಿ ದಾರಿಯುದ್ದಕ್ಕೂ ಅಲ್ಲಲ್ಲಿ ನಿಲ್ಲಿಸಿ ತುಂಬಿಸ್ಕೊಳ್ಳಲೇಬೇಕು. ಏರು ದಾರಿ ಆದ್ರಂತೂ ಖರ್ಚು ಇನ್ನೂ ಜಾಸ್ತಿ. ಸಿಡ್ನಿಯಿಂದ ದಕ್ಷಿಣಕ್ಕೆ ಹೋಗೋ ರೈಲು ದಾರಿ 1863ರಲ್ಲಿ ಪಿಕ್ಟನ್ ತನಕ ಬಂತು, ಅಲ್ಲಿಂದ ಮುಂದೆ ಮಿಟ್ಟಗಾಂಗ್‌ಗೆ ಒಂದೇ ಸಮ ಬೆಟ್ಟ ಹತ್ತಬೇಕು, ಆ ಭಾಗ ಓಪನ್ ಆಗಿದ್ದು 1867ರಲ್ಲಿ. ನೀವು ನೋಡಿದ ಪಂಪ್‌ಹೌಸೂ ಆ ಉಗಿಬಂಡಿಗಳ ಕಾಲದ್ದೇ. ಕೆರೆ ನೀರನ್ನ ಮೇಲೆತ್ತಿ ರೈಲ್ವೇ ಲೈನಿಗೆ ಕಳ್ಸೋದು ಅದರ ಕೆಲ್ಸ.

ನೀರು ಸಿಕ್ಕಿದ್ರೆ ಸಾಕಾಗ್ತಿರ್ಲಿಲ್ಲ, ಒಳ್ಳೇ ನೀರೇ ಬೇಕಿತ್ತು. ಲವಣ ಇರೋ ಗಡಸು ನೀರು ಹಾಕಿದ್ರೆ ಬಾಯ್ಲರ್ ಒಳಗೆ ಗಟ್ಟಿ ಪದರ ಕಟ್ಟುತ್ತೆ, ಕೆಟಲ್ ತಳದಲ್ಲಿ ಬೆಳ್ಳಗೆ ಕೂತಿರುತ್ತಲ್ಲ ಅದೇ ಥರ, ಅದರಿಂದ ಶಾಖ ಸರಿಯಾಗಿ ದಾಟಲ್ಲ, ಕಲ್ಲಿದ್ದಲು ದಂಡ, ಕೊಳವೆಗಳೂ ಹಾಳು. ಮಣ್ಣು ಕದಡಿದ ನೀರಾದ್ರೆ ಬಾಯ್ಲರ್ ತಳದಲ್ಲಿ ಕೆಸರು. ಇಲ್ಲೇ ನಿಮ್ಮ ಕುರುಚಲು ಕಾಡು ಬರೋದು. ಮಳೆ ಬಿದ್ದಾಗ ಸುತ್ತಲಿನ ಇಳಿಜಾರಿನ ಮಣ್ಣು ಕೊಚ್ಕೊಂಡು ಕೆರೆಗೆ ಬರದಂಗೆ ತಡೆದಿರೋದು ಆ ಪೊದೆಗಳ ಬೇರು, ನೆಲಕ್ಕೆ ಬಿದ್ದ ಎಲೆ ತೊಗಟೆ, ದಡದ ಜೊಂಡು. ಪಂಪ್ ನೀರೆತ್ತಿತು ನಿಜ, ಆ ನೀರನ್ನ ತಿಳಿಯಾಗಿ ಇಟ್ಟಿದ್ದು ಕಾಡು. ಇವೆರಡನ್ನೂ ಬೇರೆಬೇರೆ ಅಂತ ನೋಡೋಕೆ ನನ್ನ ಕೈಲಂತೂ ಆಗಲ್ಲ.

ಇನ್ನು ಕೆರೆಗಳ ವಿಷ್ಯ. ಒಟ್ಟು ಐದಿವೆ: ಗಂಡಂಗಾರ, ವೆರ್ರಿಬೆರ್ರಿ, ಕುರಿಜಾ, ಬರಾಬ, ನೆರ್ರಿಗೊರಾಂಗ್. ಹೆಸರುಗಳೆಲ್ಲ ಆ ನೆಲದ ಮೂಲನಿವಾಸಿಗಳ ಭಾಷೆಯ ಕಡೆಯವು, ಹೇಳ್ಕೊಳ್ಳೋಕೇ ಒಂಥರಾ ಖುಷಿ. ಇವು ಯಾರೂ ಕಟ್ಟಿದ ಕೆರೆಗಳಲ್ಲ. ಯಾವುದೋ ಕಾಲದಲ್ಲಿ ಹರೀತಿದ್ದ ನದಿಯ ತಿರುವೊಂದು ತುಂಡಾಗಿ ಕುದುರೆ ಲಾಳದ ಆಕಾರದಲ್ಲಿ ಉಳಿದಿರೋದು, ವಯಸ್ಸು ಅಂದಾಜು 1.5 ಕೋಟಿ ವರ್ಷ ಅಂತಾರೆ. 1972ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು, 2000ದಲ್ಲಿ ಸಿಡ್ನಿ ಪಶ್ಚಿಮದ ಬೆಟ್ಟಕಾಡುಗಳಾದ ಗ್ರೇಟರ್ ಬ್ಲೂ ಮೌಂಟನ್ಸ್ ಜೊತೆ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೂ ಸೇರ್ತು. ಅಷ್ಟು ದೊಡ್ಡ ಪಟ್ಟಿಯಲ್ಲಿ ಈ ಪಾರ್ಕ್ ಅಂಗೈಯಗಲದ್ದು, ಆದ್ರೂ ಸೇರಿಸಿದ್ರು ಅಂದ್ರೆ ಅದರ ಬೆಲೆ ಏನು ನೋಡಿ.

ರೈಲ್ವೇ ವಿಷ್ಯಕ್ಕೆ ಬಂದ್ರೆ 1919ರಲ್ಲಿ ಏರು ಕಮ್ಮಿ ಇರೋ ಬೇರೆ ದಾರಿ ಹಾಕಿ ಮೇನ್ ಲೈನನ್ನ ಅತ್ಲಾಗೆ ತಿರುಗಿಸಿದ್ರು, ಹಳೇದು ಲೂಪ್ ಲೈನ್ ಆಗಿ ಉಳೀತು. ಮುಂದೆ ಡೀಸೆಲ್ ಇಂಜಿನ್ ಬಂದ್ಮೇಲೆ ಕೆರೆ ನೀರಿನ ಹಂಗೇ ಬೇಡವಾಯ್ತು.

ಆದ್ರೆ ಆಮೇಲೆ ಬಂದ ಕಷ್ಟ ಬೇರೆ. 2010ರ ಆಚೆ ಈಚೆ ಕೆರೆಗಳಲ್ಲಿ ನೀರು ಇಳೀತಾ ಹೋಗಿ ಕೆಲವು ಕಡೆ ತಳವೇ ಕಾಣೋಕೆ ಶುರುವಾಯ್ತು. ಹತ್ತಿರದ ಭೂಗತ ಕಲ್ಲಿದ್ದಲು ಗಣಿಯಿಂದ ಅಂತರ್ಜಲ ಜಾರಿ ಹೋಗ್ತಿದೆಯಾ ಅಂತ ಊರವರಿಗೆ ಅನುಮಾನ, ಮಳೆ ಕಮ್ಮಿ ಆಗಿದ್ದೂ ನಿಜ. ಜನ ಸುಮ್ನೆ ಕೂರ್ಲಿಲ್ಲ, ಕೇಳ್ತಾನೇ ಇದ್ರು, ಕೊನೆಗೆ ರಾಜ್ಯ ಸರ್ಕಾರ ವಿಜ್ಞಾನಿಗಳನ್ನ ಕೂರಿಸಿ ಅಧ್ಯಯನ ಮಾಡಿಸ್ತು. 2020ರಿಂದ ಒಳ್ಳೇ ಮಳೆಯಾಗಿ ಕೆರೆಗಳು ಮತ್ತೆ ತುಂಬ್ಕೊಂಡ್ವು. ಆ ಒಣ ವರ್ಷಗಳಲ್ಲಿ ಪಂಪ್‌ಹೌಸ್ ಮುಂದೆ ನಿಂತ್ರೆ ಬಾವಿ ಇಲ್ಲದ ಕಡೆ ರಾಟೆ ನೇತು ಹಾಕಿದಂಗಿತ್ತು, ಗೋಡೆ ಎಷ್ಟು ಗಟ್ಟಿಯಾಗಿದ್ರೆ ಏನು, ಅದು ಯಾಕೆ ಅಲ್ಲಿದೆ ಅನ್ನೋದೇ ಅರ್ಥ ಆಗ್ತಿರ್ಲಿಲ್ಲ. ಆಸ್ಟ್ರೇಲಿಯಾದಲ್ಲಿ ಪಾರಂಪರಿಕ ಜಾಗಗಳನ್ನ ನೋಡ್ಕೊಳ್ಳೋರೆಲ್ಲ 1979ರಿಂದ ಬುರ್ರಾ ಚಾರ್ಟರ್ ಅನ್ನೋ ನಿಯಮಾವಳಿ ಇಟ್ಕೊಂಡು ಕೆಲ್ಸ ಮಾಡ್ತಾರೆ. ಕಟ್ಟಡದ ಜೊತೆ ಅದರ ಸುತ್ತಲಿನ ಪರಿಸರವನ್ನೂ ಉಳಿಸ್ಬೇಕು, ಎಷ್ಟು ಬೇಕೋ ಅಷ್ಟೇ ಕೈ ಹಾಕ್ಬೇಕು ಅನ್ನೋದು ಅದರ ಜೀವಾಳ. ಹಂಗಾಗಿ ನೀವು ಹೇಳೋ ಥರ ಕ್ಲೀನ್ ಮಾಡಿದ ಪಾರ್ಕ್ ಬೇಡಮ್ಮ.

ಮತ್ತೆ ಆ ಒಣ ಮರಗಳು! ದಯವಿಟ್ಟು ಅವನ್ನ ಕಡೀಬೇಕು ಅನ್ಬೇಡಿ. ನೀಲಗಿರಿ ಜಾತಿ ಮರಗಳಲ್ಲಿ ದೊಡ್ಡ ಪೊಟರೆ ಆಗೋಕೆ ನೂರು ವರ್ಷದ ಮೇಲೇ ಬೇಕು, ಗಿಳಿ, ಗೂಬೆ, ಬಾವಲಿ, ಪಾಸಮ್ ಅನ್ನೋ ಮರ ಹತ್ತೋ ಪ್ರಾಣಿ ಎಲ್ಲಾ ಇರೋದು ಅಲ್ಲೇ. ಮರ ಸತ್ತ ಮೇಲೂ ಪೊಟರೆ ಮನೆಯಾಗೇ ಇರುತ್ತೆ. 2019ರ ಕೊನೆಯ ಕಾಡ್ಗಿಚ್ಚು ಆ ಕಡೆ ಎಲ್ಲಾ ಸುಟ್ಟಿತ್ತು, ಮುಂದಿನ ಸಲ ಹೋದಾಗ ಕಪ್ಪು ತೊಗಟೆ ಇರೋ ಮರಗಳನ್ನ ಹತ್ರ ಹೋಗಿ ನೋಡಿ, ಕಾಂಡದಿಂದಾನೇ ಚಿಗುರೊಡೆದಿರುತ್ತೆ.

ಪ್ರಶ್ನೆ: ನಾನು ಸಿವಿಲ್ ಇಂಜಿನಿಯರ್. ಇಂಥ ಹಳೇ ಗೋಡೆಗಳಿಗೆ ಗಟ್ಟಿಯಾಗಿ ಸಿಮೆಂಟ್ ಪ್ಲಾಸ್ಟರಿಂಗ್ ಮಾಡ್ಬಿಟ್ರೆ ಇನ್ನೂ ನೂರು ವರ್ಷ ಬರಲ್ವಾ?

ಉತ್ತರ: ಬರಲ್ಲ ಸರ್, ಬೇಗ ಹೋಗುತ್ತೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ಹೀರ್ಕೊಂಡ ತೇವಾನ ಸಂದುಗಳಿಂದ ಹೊರಗೆ ಬಿಡ್ತಾ ಇರುತ್ತೆ. ಸಿಮೆಂಟ್ ಮುಚ್ಚಿದ್ರೆ ತೇವ ಹೊರಗೆ ಬರೋಕೆ ದಾರಿ ಇಲ್ದೆ ಇಟ್ಟಿಗೆಯಲ್ಲೇ ಉಳಿಯುತ್ತೆ, ಲವಣ ಹರಳುಗಟ್ಟಿ ಇಟ್ಟಿಗೆಯ ಮುಖವೇ ಪುಡಿಪುಡಿ ಉದುರುತ್ತೆ. ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರ್ಬೇಕು, ಸವೆದ್ರೆ ಗಾರೆ ಸವೀಲಿ, ಅದನ್ನ ಮತ್ತೆ ತುಂಬ್ಕೋಬಹುದು. ಬೆಂಕಿ ಭಯಕ್ಕೆ ಗೋಡೆ ಬುಡದ ಒಣ ಎಲೆ, ಹುಲ್ಲು ತೆಗೀತಾ ಇರ್ಬೇಕು, ಗೋಡೆಯಲ್ಲಿ ಹುಟ್ಟೋ ಗಿಡಗಳನ್ನ ಚಿಕ್ಕದಿದ್ದಾಗ್ಲೇ ತೆಗೀಬೇಕು, ಬೇರು ಬಲಿತ ಮೇಲೆ ಎಳೆದ್ರೆ ಇಟ್ಟಿಗೆ ಸಮೇತ ಬರುತ್ತೆ.

ಪ್ರಶ್ನೆ: ಸಿಡ್ನಿಯಲ್ಲಿ ಐಟಿ ಕೆಲ್ಸ, ವೀಕೆಂಡ್ ಕಾಡಿನ ಕಳೆ ಕೀಳೋ ತಂಡಕ್ಕೆ ಸೇರಿದೀನಿ. ಲಂಟಾನ ದಟ್ಟವಾಗಿರೋ ಜಾಗ ಬಿಟ್ಟು ಚೆನ್ನಾಗಿರೋ ಕಾಡಲ್ಲೇ ಒಂದೊಂದು ಕಳೆ ಹುಡುಕಿ ಕೀಳಿಸ್ತಾರೆ, ಟೈಮ್ ವೇಸ್ಟ್ ಅನ್ಸುತ್ತೆ. ಹಳೇ ಪೈಪು, ಬೋಲ್ಟು ಸಿಕ್ರೂ ಮುಟ್ಬೇಡಿ ಅಂತಾರೆ. ಯಾಕೆ?

ಉತ್ತರ: ವೇಸ್ಟ್ ಅಲ್ಲ, ಅವ್ರು ಸರಿಯಾಗೇ ಮಾಡಿಸ್ತಿದಾರೆ. ಈ ಪದ್ಧತಿ ಹುಟ್ಟಿದ್ದೇ ನೀವಿರೋ ಸಿಡ್ನಿಯಲ್ಲಿ, 1960ರ ದಶಕದಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಅನ್ನೋ ಅಕ್ಕತಂಗಿ ಬಂದರಿನ ಪಕ್ಕದ ಕಾಡುಗಳಲ್ಲಿ ಕೈಯಾರೆ ಕಳೆ ಕೀಳ್ತಾ ಕೀಳ್ತಾ ಕಂಡ್ಕೊಂಡಿದ್ದು. ದಟ್ಟ ಲಂಟಾನಾನ ಒಂದೇ ಸಲಕ್ಕೆ ಬೋಳಿಸಿದ್ರೆ ಬಿಸಿಲು ಬಿದ್ದ ಬರೀ ಮಣ್ಣಲ್ಲಿ ಮೊದ್ಲು ಮೊಳೆಯೋದೂ ಕಳೆಯೇ, ಆರು ತಿಂಗ್ಳಲ್ಲಿ ಮತ್ತೆ ಅದೇ ಪೊದೆ. ಒಳ್ಳೇ ಕಾಡಿಂದ ಹೊರಗಡೆಗೆ ನಿಧಾನ ಬಂದ್ರೆ ಪಕ್ಕದ ಮೂಲ ಗಿಡಗಳೇ ಬೀಜ ಉದುರಿಸಿ ಖಾಲಿ ಜಾಗ ತುಂಬ್ತವೆ. ಎಷ್ಟು ಬೇಗ ಮುಂದಕ್ಕೆ ಹೋಗ್ಬೇಕು ಅನ್ನೋದನ್ನ ಕಾಡೇ ಹೇಳುತ್ತೆ. ಶೂ ಅಡಿಯ ಮಣ್ಣನ್ನ ಬ್ರಷ್ ಹಾಕಿ ಉಜ್ಜಿಯೇ ಒಳಗೆ ಹೋಗಿ, ಬೇರು ಕೊಳೆಸೋ ಫೈಟಾಫ್ತೊರಾ ರೋಗ ಊರಿಂದೂರಿಗೆ ಹೋಗೋದೇ ಆ ಮಣ್ಣಲ್ಲಿ.

ಪೈಪ್ ವಿಷ್ಯ, ಅದು ಮಣ್ಣಲ್ಲಿ ಎಲ್ಲಿ, ಯಾವ ದಿಕ್ಕಿಗೆ ಮಲಗಿದೆ ಅನ್ನೋದ್ರಿಂದಾನೇ ನೀರು ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತಿತ್ತು ಅಂತ ಗೊತ್ತಾಗೋದು, ಎತ್ತಿ ಶೆಡ್ಡಿಗೆ ಹಾಕಿದ್ರೆ ಅದು ಗುಜರಿ. ನ್ಯಾಷನಲ್ ಪಾರ್ಕ್‌ನಿಂದ ಏನನ್ನೂ ತರೋ ಹಾಗಿಲ್ಲ, ಕಾನೂನೂ ಇದೆ. ಪಕ್ಕದಲ್ಲಿ ನಿಮ್ಮ ಗ್ಲೌಸ್ ಇಟ್ಟು ಒಂದು ಫೋಟೋ ತೆಗೀರಿ, ಸೈಜ್ ಗೊತ್ತಾಗ್ಲಿ, ಫೋನಲ್ಲಿ ಲೊಕೇಶನ್ ಸೇವ್ ಮಾಡಿ ರೇಂಜರ್‌ಗೆ ಕಳ್ಸಿ, ತೆಗೆದ ಎಲೆಗಳನ್ನ ಅದರ ಮೇಲೇ ವಾಪಸ್ ಹರಡಿ ಬನ್ನಿ.