45 ಪೌಂಡಿನ ಸಾಂಪ್ರದಾಯಿಕ ಬೇಟೆಬಿಲ್ಲಿಗೆ ಮರದ ಬಾಣ ಒಳ್ಳೆಯದೋ, ಕಾರ್ಬನ್ ಬಾಣವೋ? ಎಳೆತಕ್ಕಿಂತ ಒಂದು ಇಂಚು ಉದ್ದ ಬಿಟ್ಟು ಕತ್ತರಿಸಿದರೆ ಸಾಕೇ?

ದಯವಿಟ್ಟು ಈಗಲೇ ಕತ್ತರಿಸಬೇಡಿ. ಮರವೋ ಕಾರ್ಬನ್ನೋ ಎಂಬುದನ್ನು ಆಮೇಲೆ ನೋಡೋಣ.

ಆರು ವರ್ಷಗಳ ಹಿಂದೆ ನಾನೂ ಬಿಲ್ಲಿನ ಮೇಲೆ ಬರೆದಿದ್ದ 45 ಪೌಂಡನ್ನೇ ನಂಬಿ, ಬಾಣ ತಯಾರಕರ ಪಟ್ಟಿಯಲ್ಲಿ ಅದರ ಎದುರಿಗಿದ್ದ 500 ಸ್ಪೈನಿನ (ಸ್ಪೈನ್ ಎಂದರೆ ಕಾಂಡದ ಬಾಗುವಿಕೆಯ ಅಳತೆ) ಕಾರ್ಬನ್ ಕಾಂಡಗಳನ್ನು ಒಂದು ಡಜನ್ ತರಿಸಿ, ಬಂದ ದಿನವೇ ಹನ್ನೆರಡನ್ನೂ 27 ಇಂಚಿಗೆ ಕತ್ತರಿಸಿ ಗರಿ ಅಂಟಿಸಿದೆ. ಬಿಲ್ಲಿನ ಮೇಲಿನ ಆ 45 ಪೌಂಡ್ 28 ಇಂಚು ಎಳೆದಾಗಿನದು. ನನ್ನ ಎಳೆತ 26 ಇಂಚು. ಇಂಚಿಗೆ ಎರಡೂವರೆ ಪೌಂಡಿನಂತೆ ಕಳೆದರೆ ನನ್ನ ಬೆರಳಿಗೆ ಬರುತ್ತಿದ್ದದ್ದು 40 ಪೌಂಡ್ ಮಾತ್ರ.

ಅಭ್ಯಾಸದ ಮೊನೆಗಳು 20 ಹೆಜ್ಜೆಯಿಂದ ಚೆನ್ನಾಗಿಯೇ ನಾಟುತ್ತಿದ್ದವು, ಏಕೆಂದರೆ 5 ಇಂಚಿನ ಗರಿಗಳು ಬಾಣದ ಓರೆಯನ್ನು ದಾರಿಯಲ್ಲೇ ತಿದ್ದುತ್ತಿದ್ದವು. ಬೇಟೆಯ ಅಗಲವಾದ ಅಲಗುಗಳನ್ನು ಸಿಕ್ಕಿಸಿದ ದಿನ ಅದೇ ಬಾಣಗಳು ಗುರಿಗಿಂತ ಒಂದು ಗೇಣು ಎಡಕ್ಕೆ ಹೋದವು. ಅಲಗು ಮುಂದಿನ ರೆಕ್ಕೆಯಂತೆ ಗಾಳಿಯನ್ನು ಹಿಡಿದು, ಇರುವ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಾನು ತಪ್ಪು ಬೆರಳುಗಳದ್ದೆಂದು ತಿಳಿದು, ಎರಡು ತಿಂಗಳು ಹೆದೆ ಬಿಡುವ ರೀತಿಯನ್ನೇ ತಿದ್ದುತ್ತಾ ಕಳೆದೆ.

ನಿಜವಾದ ತಪ್ಪು ಗರಗಸದ್ದು. ಸಾಂಪ್ರದಾಯಿಕ ಬಿಲ್ಲಿನಲ್ಲಿ ಬಾಣವು ಹಿಡಿಯ ಪಕ್ಕಕ್ಕೆ ಒರಗಿರುತ್ತದೆ. ಹೆದೆ ಬಿಟ್ಟಾಗ ಅದು ಬಾಗಿ, ಬಿಲ್ಲನ್ನು ಬಳಸಿಕೊಂಡು ಹೊರಟು, ಮುಂದೆ ನೇರವಾಗಬೇಕು. ಕಾಂಡ ಎಷ್ಟು ಬಾಗುತ್ತದೆಂಬುದಕ್ಕೆ ಸ್ಪೈನ್ ಒಂದು ಅಳತೆ ಮಾತ್ರ. 28 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟ ಕಾಂಡದ ನಡುವೆ 880 ಗ್ರಾಂ ತೂಗುಹಾಕಿದಾಗ ಅದು ಅರ್ಧ ಇಂಚು ಬಾಗಿದರೆ 500 ಎನ್ನುತ್ತಾರೆ; ಅಂಕಿ ಹೆಚ್ಚಾದಷ್ಟೂ ಕಾಂಡ ಮೆದು. (ಮರದ ಕಾಂಡಗಳಿಗೆ ಪೌಂಡಿನಲ್ಲಿ ಗುರುತು ಹಾಕುವುದರಿಂದ ಅಲ್ಲಿ ಲೆಕ್ಕ ತಿರುಗುಮುರುಗು.) ಆದರೆ ಅದೇ ಕಾಂಡ ಉದ್ದವಿದ್ದರೆ ಹೆಚ್ಚು ಬಾಗುತ್ತದೆ, ಮೊನೆ ಭಾರವಾದರೆ ಇನ್ನೂ ಹೆಚ್ಚು ಬಾಗುತ್ತದೆ, ಗಿಡ್ಡವಾದರೆ ಬಿರುಸಾಗುತ್ತದೆ. ನಾನು ಮೊದಲೇ ಬಿರುಸಾಗಿದ್ದ ಕಾಂಡವನ್ನು ಕತ್ತರಿಸಿ ಮತ್ತಷ್ಟು ಬಿರುಸು ಮಾಡಿದೆ. ಅದೂ ಒಂದನ್ನಲ್ಲ, ಹನ್ನೆರಡನ್ನು. ಒಂದನ್ನು ಮಾತ್ರ ಕತ್ತರಿಸಿ ನೋಡಿದ್ದರೆ ಹನ್ನೊಂದು ಉಳಿಯುತ್ತಿದ್ದವು. ಮೆದುವಾದ ಕಾಂಡವನ್ನು ಕಾಲಿಂಚು ಕತ್ತರಿಸಿ ಸರಿಪಡಿಸಬಹುದು, ಕತ್ತರಿಸಿದ ಕಾಲಿಂಚನ್ನು ಮತ್ತೆ ಜೋಡಿಸಲಾಗದು. 125 ಗ್ರೇನಿನ (ಗ್ರೇನ್ ಎಂದರೆ ಬಾಣದ ತೂಕ ಅಳೆಯುವ ಸಣ್ಣ ಮಾನ) ಮೊನೆ ತೆಗೆದು 200 ಹಾಕಿದೆ, 250 ಹಾಕಿದೆ. ಎಡಕ್ಕೆ ಹೋಗುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಭಾರ ಹೆಚ್ಚಿದ್ದರಿಂದ ಬಾಣ ಬೇಗ ಕೆಳಗಿಳಿಯತೊಡಗಿದ್ದಷ್ಟೇ ಲಾಭ.

ಎರಡನೆಯ ಸಲ 600ರ ಕಾಂಡಗಳನ್ನು ಪೂರ್ತಿ ಉದ್ದದಲ್ಲೇ ಇಟ್ಟುಕೊಂಡು, ಒಂದಕ್ಕೆ ಗರಿ ಹಾಕದೆ, ಹತ್ತು ಹೆಜ್ಜೆಯಿಂದ ಗರಿಯಿರುವ ಬಾಣಗಳ ಜೊತೆ ಹೊಡೆದು ನೋಡಿದೆ. ಮೊದಲು ಮೇಲೆ-ಕೆಳಗಿನ ವ್ಯತ್ಯಾಸವನ್ನು ಸರಿಪಡಿಸಿಕೊಳ್ಳಬೇಕು. ಹೆದೆಯ ಮೇಲೆ ಬಾಣ ಕೂರುವ ಗುರುತು ತೀರ ಕೆಳಗಿದ್ದರೆ ಬಾಣದ ಹಿಂಭಾಗ ಹಿಡಿಯ ಅಂಚಿಗೆ ತಾಗಿ ಪುಟಿಯುತ್ತದೆ, ಆಗ ಎಡ-ಬಲದ ಯಾವ ಸೂಚನೆಯನ್ನೂ ನಂಬುವಂತಿಲ್ಲ. ಬಾಣ ಒರಗುವ ಜಾಗದಿಂದ ಹೆದೆಗೆ ಲಂಬವಾಗಿ ಎಳೆದ ರೇಖೆಗಿಂತ ಅರ್ಧ ಇಂಚು ಮೇಲೆ ಗುರುತು ಕಟ್ಟಿ ಆರಂಭಿಸಿ. ಬಲಗೈಯಿಂದ ಹೆದೆ ಎಳೆಯುವವರಿಗೆ ಗರಿಯಿಲ್ಲದ ಬಾಣ ಬಲಕ್ಕೆ ನಾಟಿದರೆ ಕಾಂಡ ಮೆದು, ಎಡಕ್ಕಾದರೆ ಬಿರುಸು. ನನ್ನದು ಬಲಕ್ಕಿತ್ತು, ಕಾಲಿಂಚಿನಂತೆ ಕತ್ತರಿಸುತ್ತಾ ಬಂದು, 150 ಗ್ರೇನಿನ ಮೊನೆಯೊಂದಿಗೆ 29¼ ಇಂಚಿನಲ್ಲಿ ಎರಡೂ ಒಟ್ಟಿಗೆ ನಾಟಿದವು. ಆಮೇಲೆ ಉಳಿದವನ್ನು ಆ ಅಳತೆಗೆ ಕತ್ತರಿಸಿದೆ. ಇಡೀ ಬಾಣದ ತೂಕ ಸುಮಾರು 400 ಗ್ರೇನ್, ಅಂದರೆ ಎಳೆತದ ಪ್ರತಿ ಪೌಂಡಿಗೆ 10 ಗ್ರೇನ್; ಬೇಟೆಬಿಲ್ಲಿಗೆ ಇದಕ್ಕಿಂತ ಹಗುರ ಬೇಡವೆಂಬುದು ನನ್ನ ಹಟ.

ಹಾಗಾಗಿ ಮರವೋ ಕಾರ್ಬನ್ನೋ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮರದ ಕಾಂಡಗಳನ್ನು ಒಂದೊಂದಾಗಿ ತೂಗಿ, ನೇರಮಾಡಿ ಹೊಂದಿಸುವ ತಾಳ್ಮೆಯಿದ್ದರೆ ಮರ, ಇಲ್ಲದಿದ್ದರೆ ಕಾರ್ಬನ್. ಹೊಂದದ ಸ್ಪೈನಿನಲ್ಲಿ ಎರಡೂ ಒಂದೇ ರೀತಿ ತಪ್ಪುತ್ತವೆ. ಡಜನ್ ಕೊಳ್ಳುವ ಬದಲು ಬೇರೆ ಬೇರೆ ಸ್ಪೈನಿನ ಎರಡೆರಡು ಕಾಂಡಗಳನ್ನು ಕೊಳ್ಳಿ. ನಿಮ್ಮ ಎಳೆತ ಎಷ್ಟು ಇಂಚೆಂದು ನೀವು ಬರೆದಿಲ್ಲ. ಪೂರ್ತಿ ಎಳೆದು ನಿಂತಾಗ ಬೇರೊಬ್ಬರಿಂದ ಬಾಣದ ಮೇಲೆ ಗುರುತು ಹಾಕಿಸಿ, ಆ ಅಳತೆಯನ್ನು ತಿಳಿಸಿದರೆ ಯಾವ ಸ್ಪೈನಿನಿಂದ ಆರಂಭಿಸಬಹುದೆಂದು ಹೇಳುತ್ತೇನೆ.