ಪ್ರತಿಕ್ರಿಯೆ: ಹೀಥ್ರೋ–ಹನೇಡಾ, 11 ಗಂಟೆಯೋ 14 ಗಂಟೆಯೋ?

ಲಂಡನ್ ಹೀಥ್ರೋದಿಂದ ಟೋಕಿಯೊ ಹನೇಡಾಕ್ಕೆ ಲೆಕ್ಕ ಹಾಕಿದರೆ 11 ಗಂಟೆ ಬರುತ್ತೆ, ಟಿಕೆಟ್‌ನಲ್ಲಿ ಸುಮಾರು 14 ಯಾಕಿದೆ ಅಂತ ಕೇಳಿದ್ದೀರಿ. ನಿಮ್ಮ ಲೆಕ್ಕ ಸರಿಯಾಗೇ ಇದೆ, ದಾರಿ ಮಾತ್ರ ಬೇರೆ. ಭೂಗೋಳದ ಮೇಲೆ ಅತಿ ಹತ್ತಿರದ ಗೆರೆ ಸುಮಾರು 9,600 ಕಿ.ಮೀ.; ಗಂಟೆಗೆ 900ರಂತೆ 10 ಗಂಟೆ 40 ನಿಮಿಷ. ಏರುವುದು, ಇಳಿಯುವುದು, ರನ್‌ವೇವರೆಗಿನ ಓಡಾಟಕ್ಕೆ ಇನ್ನೊಂದು ಅರ್ಧ ಗಂಟೆ ಸೇರಿಸಿ.

ಆದರೆ ಆ ಗೆರೆ ಬಹುಪಾಲು ರಷ್ಯಾದ ಮೇಲೇ ಹಾಯುತ್ತೆ. 2022ರಿಂದ ಬ್ರಿಟನ್ ಮತ್ತು ಜಪಾನಿನ ಕಂಪನಿಗಳು ಅಲ್ಲಿ ಹಾರುತ್ತಿಲ್ಲ. ಹೋಗುವಾಗ ಸಾಮಾನ್ಯವಾಗಿ ಕಾಸ್ಪಿಯನ್, ಕಜಕಿಸ್ತಾನ್, ಚೀನಾ ಮೇಲಿಂದ ಸುತ್ತು. ಬರುವಾಗ ಎಷ್ಟೋ ಸಲ ಪೂರ್ವಕ್ಕೇ ಹೊರಟು, ಅಲಾಸ್ಕಾ, ಗ್ರೀನ್‌ಲ್ಯಾಂಡ್ ಬಳಸಿ ಲಂಡನ್ ಸೇರುತ್ತವೆ. ಪೆಸಿಫಿಕ್ ಮೇಲಿನ ಜೆಟ್ ಸ್ಟ್ರೀಮ್ (ತುಂಬಾ ಎತ್ತರದಲ್ಲಿ ಬೀಸುವ ಜೋರು ಗಾಳಿ) ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಅದು ಬೆನ್ನುಗಾಳಿ. ಚಳಿಗಾಲದಲ್ಲಿ ಇದು ಇನ್ನೂ ಜೋರು.

ಟಿಕೆಟ್‌ನ ಎರಡೂ ಸಮಯ ಆಯಾ ಊರಿನದು. ಬೇಸಿಗೆಯಲ್ಲಿ ವ್ಯತ್ಯಾಸ 8 ಗಂಟೆ, ಚಳಿಗಾಲದಲ್ಲಿ 9. ಬೇಸಿಗೆಯಲ್ಲಿ ಬೆಳಿಗ್ಗೆ 9:30ಕ್ಕೆ ಹೊರಟು ಮರುದಿನ 7:20ಕ್ಕೆ ಇಳಿದರೆ 21 ಗಂಟೆ 50 ನಿಮಿಷದಲ್ಲಿ 8 ಕಳೆಯಿರಿ: 13 ಗಂಟೆ 50 ನಿಮಿಷ.

ಮುಂದೆ ಕನೆಕ್ಟಿಂಗ್ ವಿಮಾನವಿದ್ದರೆ ನಕ್ಷೆಯ ದೂರ ನಂಬಬೇಡಿ. ಫ್ಲೈಟ್ ಟ್ರ್ಯಾಕರ್‌ನಲ್ಲಿ ಅದೇ ವಿಮಾನ ಸಂಖ್ಯೆಯ ಕಳೆದ ಒಂದು ವಾರದ ನಿಜವಾದ ಇಳಿದ ಸಮಯ ನೋಡಿ, ಅದರಲ್ಲಿ ಅತಿ ತಡವಾದದ್ದನ್ನೇ ಹಿಡಿದು ಲೆಕ್ಕ ಹಾಕಿ.